ಷರಾ

ಇಬ್ಬರದೂ ಒಂದೇ ರಾತ್ರಿ, ಒಂದೇ ಸ್ಕೂಟರು.
ಬನಶಂಕರಿಯ ಮೆಟ್ರೋ ಕಂಬದ ಬುಡದಲ್ಲಿ
ಯಾರೋ ಕೀ ಮರೆತು ನಿಲ್ಲಿಸಿ ಹೋದದ್ದು.
ಇಪ್ಪತ್ತು ನಿಮಿಷ ಊರೆಲ್ಲ ಅವರದೇ,
ಆಮೇಲೆ ಸಾರಕ್ಕಿ ಸಿಗ್ನಲ್ಲಿನ ಮಗ್ಗುಲಲ್ಲಿ
ಪೇಪರ್ ಜೋಡಿಸುತ್ತ ಕೂತಿದ್ದ
ಗಂಗಹನುಮಯ್ಯನ ಸೊಂಟ.
ಓಡಿಸಿದ್ದು ಯಾರು ಅಂದರೆ
ಇವನು ಅವನನ್ನು ತೋರಿಸಿದ, ಅವನು ಇವನನ್ನು.
ಬಿದ್ದ ಮುದುಕನನ್ನು ಬಿಟ್ಟು ಇಬ್ಬರೂ ಓಡಿದರು.
ಅದನ್ನೂ ಬರೆಯಬೇಕು, ಬರೆದೆ.

ನಾನು ಪರಿವೀಕ್ಷಣಾಧಿಕಾರಿ.
ಹದಿನೆಂಟು ತುಂಬದವರ ಮನೆ, ಶಾಲೆ, ಸಹವಾಸ, ಸ್ವಭಾವ
ನಮೂನೆಯಲ್ಲಿ ತುಂಬಿಸಿ ಮಂಡಳಿಯ ಮುಂದಿಡುವವಳು.
ಕೊನೆಯಲ್ಲೊಂದು ಕಾಲಂ: ಷರಾ.
ಅಲ್ಲಿ ನನಗೆ ತೋಚಿದ್ದು.

ಸುಮುಖನ ತಂದೆ ಮಾರ್ಕ್ಸ್ ಕಾರ್ಡು ತಂದರು,
ಪ್ಲಾಸ್ಟಿಕ್ ಕವರಿನಲ್ಲಿ.
ಹುಟ್ಟಿದ ತಾರೀಕನ್ನು ಯಾರೂ ಎರಡನೇ ಸಲ ಓದಲಿಲ್ಲ.
ಇನಾಸ ಸಿದ್ದಿಯ ತಾಯಿ ತಂದದ್ದು ಶಾಲೆಯ ಟಿ.ಸಿ.,
ನಾಲ್ಕು ಮಡಿಕೆ, ಮಡಿಕೆಯ ಗೆರೆಯಲ್ಲೇ ಮುದ್ರೆ ಹರಿದಿತ್ತು.

ಠಾಣೆಯಲ್ಲಿ ಅವನನ್ನು ಮೊದಲು ಕೇಳಿದ್ದು, ಹಿಂದಿಯಲ್ಲಿ,
ಪಾಸ್‌ಪೋರ್ಟ್ ಎಲ್ಲಿ ಅಂತ.
"ಯಲ್ಲಾಪುರ ತಾಲೂಕು, ಸರ್" ಅಂದನಂತೆ.
ಅದು ಯಾವ ದೇಶದಲ್ಲಿದೆಯೋ ಅಂತ ನಗು.
ಕನ್ನಡದಲ್ಲೇ ಕೈಮುಗಿದು ಬೇಡಿಕೊಂಡ.
ಪರವಾಗಿಲ್ಲ, ಚೆನ್ನಾಗೇ ಕಲ್ತಿದಾನೆ, ಎಂದು ಮೆಚ್ಚಿದರು.

ಈ ಭುಜ ನೋಡಿ, ಇದಕ್ಕೆ ಹದಿನಾರಂತೆ!
ಎಲುಬನ್ನೇ ಕೇಳೋಣ ಎಂದು ಆಸ್ಪತ್ರೆಗೆ ಕಳಿಸಿದರು.
ಕಿಟಕಿಯ ಬೆಳಕಿಗೆ ಹಿಡಿದ ಎಕ್ಸ್‌ರೇ ಹಾಳೆಯಲ್ಲಿ
ಮಣಿಕಟ್ಟು, ಬೆರಳು, ಎಲ್ಲ ಅಚ್ಚ ಬಿಳಿ.
"ಇದು ನಂದೇನಾ ಮೇಡಂ?"
ನಾನೂ ನಕ್ಕೆ.
ಆ ನಗು ಇವತ್ತಿಗೂ ಹಲ್ಲಿನ ಸಂದಿಯಲ್ಲಿದೆ,
ಹುಣಸೆ ನಾರಿನ ಹಾಗೆ.
ಹದಿನಾರರಿಂದ ಹದಿನೆಂಟು, ಎಂದಿತು ಎಲುಬು.
ನಮಗೆ ಹದಿನೆಂಟು ಮಾತ್ರ ಕೇಳಿಸಿತು.

ಜಯನಗರದ ಮನೆಯಲ್ಲಿ ಕಾಫಿ ಕೊಟ್ಟರು.
ಗೋಡೆಯಲ್ಲಿ ಗಾಜಿನ ಹಿಂದೆ ಈಜಿನ ಪದಕ.
ತಾಯಿ ಸದ್ದಿಲ್ಲದೆ ಅತ್ತರು.
'ಕ್ಷಣಿಕ ಪ್ರಚೋದನೆ. ಮೃದು ಸ್ವಭಾವ' ಎಂದು ಬರೆದೆ.

ಇಲಿಯಾಸ್ ನಗರದ ಒಂಟಿ ಕೋಣೆಯಲ್ಲಿ
ಮಾಲಿನ ನೆಲ ಒರೆಸುವ ಪಾಳಿ ಮುಗಿಸಿ ಬಂದವಳು
ನನಗೆ ಕೂರಲು ಬಕೆಟ್ ಬೋರಲು ಹಾಕಿದಳು.
ಅಲ್ಲೂ ಒಂದು ಪದಕ, ಓಟದ್ದು,
ಮೊಳೆಗೆ ಬೆಲ್ಟಿನ ಜೊತೆ ನೇತಾಡುತ್ತಿತ್ತು.
ಕಂಡೆ. ಬರೆಯಲಿಲ್ಲ.
ಅವಳೂ ಅತ್ತಳು, ಜೋರಾಗಿ.
'ಹುಡುಗನದು ಒರಟು ಮುಖ, ಪಶ್ಚಾತ್ತಾಪ ಕಾಣಲಿಲ್ಲ' ಎಂದು ಬರೆದೆ.

ಆದೇಶ ಬಂತು.
ಸುಮುಖನಿಗೆ ಬುದ್ಧಿವಾದ, ಅಪ್ಪನ ಕಾರು.
ಇನಾಸನಿಗೆ ಎರಡು ವರ್ಷ, ವಿಶೇಷ ಗೃಹ.
ಮಂಡಳಿಯಲ್ಲಿ ಯಾರೂ ಕೆಟ್ಟವರಲ್ಲ,
ಒಬ್ಬರಂತೂ ಮಕ್ಕಳಿಗೆಂದು ಜೇಬಲ್ಲಿ ಪೆಪ್ಪರ್ಮಿಂಟ್ ಇಡುವವರು.
ಮೂರನೇ ಪುಟದಲ್ಲಿ ನನ್ನ ವಾಕ್ಯ ಇತ್ತು,
ಅಲ್ಪವಿರಾಮವೂ ನನ್ನದೇ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರೆ.
ಹಚ್ಚುವವಳಿಗೆ ಎರಡೂ ಬಿಳಿ.

ಗಂಗಹನುಮಯ್ಯನವರು ವಾಕರ್ ಊರಿಕೊಂಡು ಬಂದಿದ್ದರು,
ಪರಿಹಾರದ ಅರ್ಜಿಗೆ.
ಕೇಳಿಸಿಕೊಂಡರು. ತುಂಬ ಹೊತ್ತು ಸುಮ್ಮನಿದ್ದು
"ಒಂದು ಗಾಡಿಗೆ ಎರಡು ಲೆಕ್ಕ ಹೆಂಗವ್ವ?" ಅಂದರು.
ಅರ್ಜಿಗೆ ಐದು ರೂಪಾಯಿ ಸ್ಟಾಂಪು ಬೇಕು ಎಂದೆ.

ಆ ರಾತ್ರಿ ನನ್ನ ಪ್ರತಿ ತೆಗೆದು ಓದಿದೆ.
ಒಬ್ಬ ತಾಯಿ ಅತ್ತರು.
ಇನ್ನೊಬ್ಬಳು ಅತ್ತಳು.
ತೀರ್ಪು ಇನ್ನೂ ಮಂಡಳಿಗೆ ಹೋಗಿರಲೇ ಇಲ್ಲ,
ಕ್ರಿಯಾಪದದ ಬಾಲದಲ್ಲೇ ಕೂತಿತ್ತು.

ಮೇಲ್ಮನವಿಗೆ ಇನ್ನು ಒಂಬತ್ತು ದಿನ.
ಮೇಲಧಿಕಾರಿ, ಯಾಕೆ ಬೇಕಮ್ಮ ಉಸಾಬರಿ, ಅಂದಿದ್ದಾರೆ.
ಬಿಳಿ ಹಾಳೆಯ ಮೇಲೆ ನನ್ನ ಹೇಳಿಕೆ ಶುರು ಮಾಡಿದ್ದೇನೆ:
ಇನಾಸನ ತಾಯಿ, ಮರಿಯಾಣಿ ಸಿದ್ದಿ ಅವರು, ಅತ್ತರು.
ಅವರ ಮಗನಿಗೆ ಓಟದಲ್ಲಿ ಪದಕ ಬಂದಿದೆ.
ಎಷ್ಟು ಮೀಟರಿನ ಓಟ?
ಪೆನ್ನು ಅಲ್ಲೇ ನಿಂತಿದೆ.
ನಾನು ಕೇಳಿರಲೇ ಇಲ್ಲ.