ಬಣ್ಣ_ನೋಡು

ಬ್ಯಾಡಗಿಯ ಮೋಟೆಬೆನ್ನೂರು ರಸ್ತೆ,
ಕೋಲ್ಡ್ ಸ್ಟೋರೇಜಿನ ಹಿಂದಿನ ಕೋಣೆ, ರಾತ್ರಿ ಹನ್ನೊಂದೂವರೆ.
ಯಂತ್ರದ ಹೊಟ್ಟೆಯೊಳಗೆ ಇರುವುದು ನಾನು ಬರೆದ ಸಿ.
ಒಮ್ಮೆ ಕಂಪೈಲಾಯಿತೆಂದರೆ ಕಡಪಾ ಕಲ್ಲು;
ಸೆಕೆಂಡಿಗೆ ನಲವತ್ತು ಕಾಯಿ ಬೆಲ್ಟಿನ ಮೇಲೆ ಹರಿದರೂ
ರೆಪ್ಪೆ ಮಿಟುಕಿಸದು.

ಆದರೆ ಯಾವುದು ಕಡ್ಡಿ, ಯಾವುದು ಡಬ್ಬಿ,
ಯಾವುದು ನೀರು ಹೊಡೆದು ಹೊಳಪು ತರಿಸಿಕೊಂಡದ್ದು,
ನನಗೇನು ಗೊತ್ತು?
ಅದನ್ನು ಬರೆದವರು ಫಕ್ಕೀರಪ್ಪ ಹಿತ್ತಲಮನಿ,
ಮೂವತ್ತೊಂದು ವರ್ಷದ ಗುಮಾಸ್ತೆ, ಐವತ್ತಾರಕ್ಕೆ ಪೈಥಾನ್ ಕಲಿತವರು.
ಕೀಲಿಮಣೆಯ ಮೇಲೆ ಒಂದೇ ಬೆರಳು,
ಆ ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು.
ಟೆಂಡರಿನ ದಿನ ಚಹಾಕ್ಕಿಂತ ಮೊದಲು
ನಾಕು ಸಾಲು ತಿದ್ದುತ್ತಾರೆ:
"ರಾತ್ರಿ ಮಂಜು ಬಿದ್ದೈತಿ. ಇವತ್ತ ಬಣ್ಣ ಸುಳ್ಳು ಹೇಳತೈತಿ."

ಫಂಕ್ಷನ್ನಿಗೆ ಅವರಿಟ್ಟ ಹೆಸರು ಬಣ್ಣ_ನೋಡು.
ನನ್ನ ಕಲ್ಲು ಅವರ ಹಸಿಮಣ್ಣನ್ನು ಕರೆಯಬೇಕು.

ಕರೆಯುವುದೆಂದರೆ ಓಣಿಯಲ್ಲಿ ನಿಂತು ಕೂಗಿದಂತಲ್ಲ.
ಇಡೀ ಮನೆಗೆ ಒಂದೇ ಬೀಗದಕೈ,
ಅದು ಕೈಗೆ ಬರುವತನಕ ಹೊಸ್ತಿಲ ಹೊರಗೆ ನಿಲ್ಲಬೇಕು.
ಕಾಯಿಯ ಉದ್ದ, ಸುಕ್ಕು, ಕೆಂಪು ನನ್ನಲ್ಲಿ ಬರೀ ಅಂಕಿ.
ಒಂದೊಂದಕ್ಕೂ ಆ ಮನೆಯ ಅಂಗಿ ತೊಡಿಸಿ
ಗಂಟು ಕಟ್ಟಿ ಒಳಗೆ ಕಳಿಸಬೇಕು.
ಬಂದ ಉತ್ತರದ ಅಂಗಿ ಬಿಚ್ಚಿದರೆ ಮತ್ತೆ ಅಂಕಿ.
ಯಾವ ಅಂಗಿ ನನ್ನದು, ಯಾವುದು ಬರೀ ಎರವಲು,
ಲೆಕ್ಕ ತಪ್ಪಬಾರದು.

ತಪ್ಪಿತು.
ಸೋಮವಾರ, ಸಾವಿರದ ನೂರಾ ನಲವತ್ತನೆಯ ಚೀಲಕ್ಕೆ
ಬೆಲ್ಟು ಗಕ್ಕನೆ ನಿಂತಿತು. ದಲಾಲರ ಮೇಲೆ ದಲಾಲರ ಫೋನು.
ಫಕ್ಕೀರಪ್ಪನವರಿಗೆ ಸಿ ಬಾರದು. ಬಾಯಿತುಂಬ ಅಡಿಕೆ,
ನಾನು ಹೇಳಿದ್ದನ್ನೆಲ್ಲ ಕೇಳಿ
ಖಾಲಿ ಚೀಲದ ಖಾತೆ ತೆಗೆದು ಮುಂದಿಟ್ಟರು:
"ನೋಡ ತಂಗಿ, ನೋಡಾಕಂತ ಕೊಟ್ಟಿದ್ದ ಚೀಲಾನೂ
ನೀ ವಾಪಸ್ ಜಮಾ ಹಚ್ಚಾಕ್ಹತ್ತೀದಿ.
ಖಾತೆದಾಗ ಸೊನ್ನಿ ಬಂತು, ಚೀಲ ಇನ್ನಾ ಮಂದಿ ಕೈಯಾಗ ಐತಿ.
ಸೊನ್ನಿ ಅಂದ್ರ ಅದು ಸುಡತೈತಿ ಅಂದೆಲ್ಲ?
ಮತ್ತ, ಸುಟ್ಟೈತಿ."

ಒಂದು ಸಾಲು ಅಳಿಸಿದೆ.

ಗುರುವಾರ ಏನೂ ನಿಲ್ಲಲಿಲ್ಲ. ಅದೇ ಕೆಟ್ಟದ್ದಾಯಿತು.
ಮಧ್ಯಾಹ್ನ ಕಸ ಹೊಡೆಯಲು ಬಂದ ಹುಸೇನಬಿ
ಬೆಲ್ಟಿನ ಕೆಳಗೆ ಬಗ್ಗಿ ನೋಡಿ ಕೂಗಿದಳು:
ನೆಲದ ಮೇಲೆ ಮೊಣಕಾಲೆತ್ತರ ಕೆಂಪು ಗುಡ್ಡೆ.
ಸೊನ್ನೆ, ಒಂದು, ಎರಡು, ನನ್ನ ಹತ್ತಿರ ಇದ್ದದ್ದು ಮೂರು ಪೆಟ್ಟಿಗೆ.
ಇಷ್ಟೂ ಕಾಯಿ ಮೈನಸ್ ಒಂದನೆಯ ಪೆಟ್ಟಿಗೆಗೆ ಹೋಗಿದ್ದವು.
ಅಂಥ ಪೆಟ್ಟಿಗೆ ಇಲ್ಲ.
ಇರುವಲ್ಲಿ ಇದ್ದದ್ದು ಗಾಳಿ.

ಬೆಳಿಗ್ಗೆ ಅವರು ಒಂದು ಸಾಲು ಸೇರಿಸಿದ್ದರು:
ಸುಕ್ಕು ಕಡಿಮೆ, ಕೆಂಪು ವಿಪರೀತ ಇದ್ದರೆ
ಕೊಡು None.
"ಸಂಖ್ಯೆ ಕೊಡೋದು ಬಿಟ್ಟು ಇದ್ಯಾಕೆ ಸರ್?"
"ಗೊತ್ತಾಗಲಿಲ್ಲವಾ, ಅದಕ್ಕ."

ಎಂಟು ತಿಂಗಳು ಬರೆದ ಆರು ಸಾವಿರ ಸಾಲಿನಲ್ಲಿ
ಗೊತ್ತಿಲ್ಲ ಎನ್ನುವವರು ಕೂತುಕೊಳ್ಳಲು
ನಾನೊಂದು ಮಣೆ ಹಾಕಿರಲಿಲ್ಲ.
ಒಳಮನೆ ತಲೆಯಾಡಿಸಿ ಬೇರೆ ಚೀಟಿಯಲ್ಲಿ ಕಾರಣ ಬರೆದಿಟ್ಟಿತ್ತು,
ನಾನು ಚೀಟಿ ತೆರೆಯಲೇ ಇಲ್ಲ,
ಕೈಗೆ ಬಂದದ್ದನ್ನು ಅಂಕಿಯೆಂದೇ ನಂಬಿ
ಬಾಗಿಲು ತೆಗೆದೆ.

ಈಗ ಪ್ರತಿ ಕರೆಯ ನಂತರ ಕೇಳುತ್ತೇನೆ:
ಉತ್ತರವೋ, ಚೀಟಿಯೋ?
ಚೀಟಿಯಾದರೆ ಬೆಲ್ಟಿನ ಪಕ್ಕಕ್ಕೊಂದು ಸಣ್ಣ ದಾರಿ,
ದಾರಿಯ ತುದಿಗೆ ತಗಡಿನ ಬುಟ್ಟಿ,
ಬುಟ್ಟಿಯ ಮುಂದೆ ಸ್ಟೂಲಿನ ಮೇಲೆ ಹುಸೇನಬಿ.
ಕಿವಿಯ ಹತ್ತಿರ ಅಲುಗಿಸಿ ಬೀಜದ ಸದ್ದು ಕೇಳುತ್ತಾಳೆ,
ಮುರಿಯುತ್ತಾಳೆ, ಮೂಸುತ್ತಾಳೆ,
ಸೀನುತ್ತಾಳೆ, ಕೋಣೆಯಲ್ಲಿದ್ದವರೆಲ್ಲ ಸೀನುತ್ತೇವೆ.
"ಕಡ್ಡಿ." "ಕಡ್ಡಿ." "ಇದು ಆಂಧ್ರದ್ದು, ಬಣ್ಣ ಹಚ್ಚ್ಯಾರ."

ನಿನ್ನೆ ಒಂದನ್ನು ಬಹಳ ಹೊತ್ತು ಹಿಡಿದೇ ಕೂತಳು.
ಕೊನೆಗೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು
ನನ್ನ ಕಡೆ ನೋಡದೆ ಅಂದಳು:
"ಸಂಜೀಕ ಚಟ್ನಿ ಅರದ ನೋಡತೇನಿ.
ನಾಳೆ ಹೇಳತೇನಿ, ಬರಕೋ."