ಮಾರಿಕಣಿವೆ, ಎರಡರಿಂದ ಆರು

ಡಬ್ಬಿಯ ಮೇಲೆ ಅಚ್ಚಾದ ಮೀನು ಈ ನೀರಲ್ಲಿಲ್ಲ.
ಬ್ಯಾಸ್ ಅಂತೆ ಅದರ ಹೆಸರು, ಅಗಲ ಬಾಯಿ,
ಯಾವುದೋ ದೇಶದ ತಣ್ಣನೆ ಸರೋವರದ್ದು.
ದಾದಾಪೀರ ಡಬ್ಬಿಯನ್ನು ತೋಳುದ್ದ ದೂರ ಹಿಡಿದು ನೋಡಿದ,
ಮೂಸಿದ, ರಬ್ಬರ್ ಕಪ್ಪೆಯ ಹೊಟ್ಟೆ ಅದುಮಿದ:
'ನಮ್ಮ ಕೊರವನಿಗೆ ಓದಾಕೆ ಬರಲ್ಲ ಸಾರ್,
ಕಪ್ಪೆ ಅಂದ್ರೆ ಕಪ್ಪೆ. ನುಂಗ್ತಾನೆ.'

ನಾಲ್ಕು ತಾಸಿಗೆ ಎಂಟುನೂರು, ಹರಿಗೋಲು ಅವನದೇ.
ಗಾಳ ಕಟ್ಟುವುದನ್ನು ಮಾತ್ರ ನನ್ನ ಕೈಗೆ ದಾಟಿಸಿದ.
ದಾರ ಗಾಳದ ಕಣ್ಣಿನ ಪಕ್ಕದಲ್ಲೇ ಮೂರು ಸಲ
ಹಾದುಹೋದದ್ದನ್ನು ನೋಡಿದ್ದೆ.
ನೋಡದವನಂತೆ ಕಟ್ಟಿದೆ.
ಹಿರಿಯೂರಿನ ಬಸ್ ಸ್ಟ್ಯಾಂಡಿನ ಎದುರು
ನನ್ನದು ಕನ್ನಡಕದಂಗಡಿ. ಭಾನುವಾರ ರಜೆ.

ಮಧ್ಯಾಹ್ನದ ನೀರು ಕಾದ ತಗಡು.
ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳ ಸಾಲು,
ಮೂರು ಮಾತ್ರ ತಿರುಗುತ್ತಿದ್ದವು, ಯಾರದೋ ದಾಕ್ಷಿಣ್ಯಕ್ಕೆಂಬಂತೆ.
ಎತ್ತ ನೋಡಿದರೂ ಒಂದೇ ನೀರು,
ಗುರುತಿಲ್ಲ, ಗಡಿಯಿಲ್ಲ.
ಅವನು ಹುಟ್ಟು ನಿಲ್ಲಿಸಿ ಹೇಳಿದ, 'ಇಲ್ಲಿ ಹಾಕಿ.'

'ಇಲ್ಲೇನಿದೆ?'
'ಮೋರಿ. ಸೈಕಲ್ ಕಲಿಯುವಾಗ ಇದರೊಳಕ್ಕೇ ಬಿದ್ದದ್ದು.'
ನಕ್ಕ. ಹಲ್ಲಿಲ್ಲದ ಜಾಗ ಸಾಕ್ಷಿ ಹೇಳಿತು.

ನೀರು ಹಿಂದಕ್ಕೆ ಸರಿದಿದ್ದ ವರ್ಷಗಳಲ್ಲಿ
ಇದು ನೆಲವಾಗಿತ್ತಂತೆ. ಹುಡುಗರದಾಗಿತ್ತಂತೆ.
ಎಡಕ್ಕೆ ಜಾಲಿಯ ಬೇಲಿ, ಈಗ ಜಿಲೇಬಿ ಮೀನಿನ ಓಣಿ.
ಆಚೆ ಪಂಪ್‌ಸೆಟ್ಟಿನ ಗೂಡು, ಅದರ ಕಿಟಕಿಯಲ್ಲಿ
ಹಾವುಮೀನು ಬಾಡಿಗೆ ಕೊಡದೆ ಇದೆ.
ಅವನು ದೋಣಿ ನಡೆಸುತ್ತಿರಲಿಲ್ಲ,
ಶಾಲೆ ಬಿಟ್ಟ ಹುಡುಗ ಮನೆಗೆ ಹೋಗುವ ಹಾಗೆ
ಅಡ್ಡದಾರಿ ಹಿಡಿದು
ಆರಾಳು ಮೇಲೆ ನಡೆಯುತ್ತಿದ್ದ.

ಮೂರೂವರೆಗೆ ದಾರ ಬಿಗಿಯಿತು.
ಕೋಲು ಬಾಗಿತು, ನಾನು ಕೂಗಿದೆ, ಹರಿಗೋಲು ಗರಗರ ತಿರುಗಿತು.
ದಾದಾಪೀರ ಕೂತಲ್ಲಿಂದ ಏಳಲೇ ಇಲ್ಲ.
'ಮೀನಲ್ಲ ಸಾರ್. ಆಫ್ ಸ್ಟಂಪು.
ಕಬ್ಬಿಣದ್ದು. ಯಾರೂ ಕೀಳದಂಗೆ
ಕಾಂಕ್ರೀಟಿಗೆ ವೆಲ್ಡಿಂಗ್ ಮಾಡಿಸಿದ್ವಿ.'
ಬ್ಲೇಡು ಕೊಟ್ಟ. ಕೊಯ್ದೆ.
ಎರಡನೇ ಕಪ್ಪೆ ಕೆಂಪು.

ಐದಕ್ಕೆ, ಮುಳುಗಿದ ಬದುವಿನ ಮೇಲೆ,
ನೀರು ಒಂದು ಕಡೆ ಮಾತ್ರ ಕುದಿಯಿತು,
ಕುಂಕುಮದ ಬೊಗಸೆ ಚೆಲ್ಲಿದಂತೆ.
ಮರಿಗಳು. ನೂರಾರು. ಉಸಿರಿಗೆ ಬಂದವು,
ಮುಳುಗಿದವು, ಎರಡು ಮಾರು ಆಚೆ ಮತ್ತೆ ಬಂದವು.
ಅವುಗಳ ಕೆಳಗೆ, ಒಂದು ಕಪ್ಪು ತೊಡೆಯ ಗಾತ್ರದ್ದು
ಬೆನ್ನು ತೋರಿಸಿ ಹೋಯಿತು.

ಕೋಲು ಎತ್ತಿದ್ದೆ. ಹತ್ತಡಿ. ಕಣ್ಣು ಮುಚ್ಚಿ ಎಸೆದರೂ ಸಿಗುತ್ತಿತ್ತು.
ಅದು ಹಸಿದಿರುವುದಿಲ್ಲ ಆಗ,
ಮರಿಗಳ ಹತ್ತಿರ ಬಿದ್ದದ್ದನ್ನೆಲ್ಲ ಕಚ್ಚುತ್ತದೆ,
ಎಂದು ಅವನೇ ದಡದಲ್ಲಿ ಹೇಳಿದ್ದ.

ಬೇಡ ಅನ್ನಲಿಲ್ಲ.
ಹುಟ್ಟನ್ನು ಒಮ್ಮೆ ಎಳೆದ, ಅಷ್ಟೆ.
ಹರಿಗೋಲು ಬೆನ್ನು ತಿರುಗಿಸಿತು,
ನಾನು ಸುಮ್ಮನೆ ಗುಡ್ಡದ ಕಡೆ ಮುಖ ಮಾಡಿದ್ದೆ,
ಕೈಯಲ್ಲಿ ಎತ್ತಿದ ಕೋಲು, ತುದಿಯಲ್ಲಿ ತೂಗುವ ಕೆಂಪು ಕಪ್ಪೆ.
ಗಾಳಿ ಬಂತು. ಎಲ್ಲ ಯಂತ್ರಗಳೂ ಒಟ್ಟಿಗೆ ತಿರುಗಿದವು.

ಆಮೇಲೆ ಏನೂ ಸಿಗಲಿಲ್ಲ.
ಸಿಗುವ ಜಾಗಕ್ಕೆ ಅವನು ಕರೆದೊಯ್ಯಲಿಲ್ಲ ಅನ್ನಿಸುತ್ತದೆ.

ದಡದಲ್ಲಿ ಎಂಟುನೂರು ಎಣಿಸಿದೆ.
'ಮಂಗಳವಾರ ಅಂಗಡಿಗೆ ಬಾ, ಕಣ್ಣು ನೋಡೋಣ.'
'ನನ್ನ ಕಣ್ಣಿಗೇನಾಗೈತೆ ಸಾರ್?'
'ದಾರ.'
'ಓ, ಹತ್ರದ್ದಾ?' ಅಂದ,
ಹರಿಗೋಲನ್ನು ಆಮೆಯಂತೆ ಬೆನ್ನಿಗೇರಿಸಿಕೊಂಡು ನಡೆದ.

ಮಂಗಳವಾರ ಬರಲಿಲ್ಲ. ಮುಂದಿನದಕ್ಕೂ.
ಅಕ್ಷರದ ಹಲಗೆಯ ಕೊನೆಯ ಸಾಲನ್ನು
ಯಾರಾದರೂ ತಡವರಿಸುತ್ತ ಓದುವಾಗ
ನನಗೆ ಕಾಣುವುದು ಬೇರೆ:
ಆರಾಳು ನೀರಿನಡಿ, ಮುಗಿಯದ ಒಂದು ಓವರಿನಲ್ಲಿ,
ಆಫ್ ಸ್ಟಂಪಿನ ಮೇಲೆ ಕೂತೇ ಇರುವ
ನನ್ನ ಹಸಿರು ಕಪ್ಪೆ.