ಅರ್ಧ ಸುತ್ತು

ಉಲಿಯಾಸ್ತಾಯ್ ಊರಿನ ಕೊನೆಗೆ, ಕಲ್ಲಿದ್ದಲ ಹೊಗೆಯಡಿ,
ಚುಲ್ತೆಮ್ ಮುದುಕನ ಶೆಡ್ಡು.
ಗೊರಸು ನೋಡಲು ಕಾಲೆತ್ತಿಸಿದ ಹಸುವಿನ ಹಾಗೆ
ನನ್ನ ಹಳೇ ರಷ್ಯನ್ ಜೀಪು ದಿಮ್ಮಿಗಳ ಮೇಲೆ.

ಏನಾಗುತ್ತದೆ? ಅಂದ.
ಹೇಳಿದೆ: ಮರಳಲ್ಲಿ ಏನೂ ಆಗುವುದಿಲ್ಲ.
ಹೊಸ ಡಾಂಬರು ರಸ್ತೆ ಬಂತಲ್ಲ,
ಕಣಿವೆಯಲ್ಲಿ ಹಿಮಗಟ್ಟಿತ್ತು, ಮುಂದಿನ ಚಕ್ರಕ್ಕೂ ಗೇರು ಹಾಕಿದೆ.
ಹಿಮ ಮುಗಿದು ಡಾಂಬರು ಸಿಕ್ಕಿದ್ದೇ ತಡ
ನರಳಿತು. ಸ್ಟಿಯರಿಂಗು ಕೈಯೊಳಗೇ ಬಿಗಿಯಿತು.
ಲಿವರು ಎಳೆದರೆ ಬರಲೊಲ್ಲದು;
ಹತ್ತು ಮಾರು ಹಿಂದಕ್ಕೆ ಓಡಿಸಿ ಬಿಡಿಸಿಕೊಂಡೆ.

ಮುದುಕ ನಗಲಿಲ್ಲ.
ಮುಂದಿನದಕ್ಕೂ ಹಿಂದಿನದಕ್ಕೂ ಲೆಕ್ಕ ಬೇರೆ, ಅಂದ.

ಡಿಫರೆನ್ಷಿಯಲ್ಲಿನ ಬೋಲ್ಟಿಗೆ ತಗಡಿನ ಚೀಟಿಯೊಂದು ಇರಬೇಕಿತ್ತು,
ನಾನು ಕುರಿಗಳ ಕಿವಿಗೆ ಚುಚ್ಚುವಂಥದು.
ಇಲ್ಲ. ಬರೀ ಗ್ರೀಸು, ಮಣ್ಣು, ಯಾವುದೋ ಹುಲ್ಲಿನ ಬೀಜ.
ಬಾಗಿಲ ಫಲಕದಲ್ಲಿ ಬರೆದಿದೆಯಲ್ಲ, ಅಂದೆ.
ಅದು ಹುಟ್ಟಿದ ದಿನದ ಮಾತು.
ಆಮೇಲೆ ಯಾರ ಹೊಟ್ಟೆಯಲ್ಲಿ ಯಾರ ಹಲ್ಲೋ.

ಟೈರಿಗೊಂದು ಸೀಮೆಸುಣ್ಣದ ಗೆರೆ.
ಟಾರ್ಚು ಕಚ್ಚಿಕೊಂಡು ಕೆಳಗೆ ತೆವಳಿದ ಮೊಮ್ಮಗಳು ಯಂಜ್ಮಾ
ಉದ್ದನೆ ಶಾಫ್ಟಿಗೆ ಎಳೆದದ್ದು ಇನ್ನೊಂದು.
ಆ ಕಡೆ ಚಕ್ರ ನೀನು ಹಿಡಿ, ಡಾಕ್ಟರಮ್ಮ, ಅಲುಗಬಾರದು.
ಒಂದು ನಿಂತರೆ ಇನ್ನೊಂದು ಎರಡರಷ್ಟು ನಡೆಯಬೇಕು.
ಎರಡು ಸಲ ತಿರುಗಿಸುತ್ತೇನೆ, ಒಂದೇ ಎಂದು ಲೆಕ್ಕ.
(ನಮ್ಮ ಮನೆಯಲ್ಲಿ ನಿಂತಿರುವುದು ಅವನು.
ಅಂದುಕೊಂಡೆ, ಅನ್ನಲಿಲ್ಲ.)

ಮೊದಲು ಹಿಂದಿನದು.
ನೆಲದೊಳಗಿಂದ ಬಂದ ಹಾಗೆ ಹುಡುಗಿಯ ದನಿ:
ಮೂರು… ನಾಲ್ಕು… ಐದು. ಮೇಲೆ ಒಂದು ಚೂರು.
ಚೂರು ಅಂದರೆ?
ಕಾಲಿನಲ್ಲಿ ಅರ್ಧ.
ಮುದುಕ ಶೆಡ್ಡಿನ ಬಾಗಿಲಿಗೆ ಬರೆದ: ನಲವತ್ತೊಂದು, ಎಂಟು.
ನಲವತ್ತೊಂದು ಹಲ್ಲಿನ ತಾಯಿ, ಎಂಟು ಹಲ್ಲಿನ ಮರಿ.

ನಲವತ್ತೇ ಇಟ್ಟಿದ್ದರೆ ಲೆಕ್ಕ ಸುಲಭವಿತ್ತಲ್ಲ?
ಸುಲಭ. ಆಗ ಅದೇ ಹಲ್ಲು ಅದೇ ಹಲ್ಲನ್ನು ಕಚ್ಚುತ್ತಿರುತ್ತದೆ ಸಾಯುವ ತನಕ,
ಒಂದರ ಮುಕ್ಕು ಎದುರಿನವಕ್ಕೇ ಗಾಯ.
ಒಂದು ಹೆಚ್ಚು ಕೊಟ್ಟರೆ ಎಲ್ಲವೂ ಎಲ್ಲವನ್ನೂ ಮುಟ್ಟಿ ಬರಬೇಕು,
ತಾಯಿ ಎಂಟು ಸುತ್ತು ಬಂದ ಮೇಲೆಯೇ ಮತ್ತೆ ಮೊದಲಿನ ಮುಖ.

ಆಮೇಲೆ ಮುಂದಿನದು.
ನಾಲ್ಕು… ನಾಲ್ಕೂವರೆ… ಮೇಲೆ ಅದೇ ಚೂರು.
ಇನ್ನೊಂದು ಸಲ, ಅಂದ. ಅಷ್ಟೇ ಬಂತು.
ಮತ್ತೊಂದು ಸಲ.
ಮೂವತ್ತೇಳು, ಎಂಟು.

ಅರ್ಧ ಸುತ್ತು.
ಚಕ್ರ ಒಮ್ಮೆ ಉರುಳಿದರೆ ಅರ್ಧ ಸುತ್ತಿನ ಸುಳ್ಳು.
ಮರಳು ಅದನ್ನು ನುಂಗಿಕೊಳ್ಳುತ್ತದೆ,
ಟೈರು ಒಂದಿಷ್ಟು ಜಾರುತ್ತದೆ, ಸಂಸಾರ ಸಾಗುತ್ತದೆ.
ಡಾಂಬರು ನುಂಗುವುದಿಲ್ಲ.

ಮುದುಕ ತಾನೇ ಕೆಳಗಿಳಿದ.
ಬಹಳ ಹೊತ್ತು ಸದ್ದಿಲ್ಲ, ಬೂಟುಗಳಷ್ಟೇ ಹೊರಗೆ.
ಮುಂದಿನ ಬೋಲ್ಟುಗಳಿಗೆ ಬಿಗಿದ ತಾಮ್ರದ ತಂತಿ,
ಮೂರು ಹುರಿ, ತುದಿ ಎಡಕ್ಕೆ ಮಡಚಿದ್ದು.
ಈ ತಂತಿ ನನ್ನದು, ಅಂದ.

ಜಾನುವಾರು ನಿಂತಲ್ಲೇ ಹೆಪ್ಪುಗಟ್ಟಿದ ಆ ಚಳಿಗಾಲ,
ಹತ್ತೊಂಬತ್ತು ವರ್ಷವಾಯಿತು.
ನಿನಗೆ ಇದನ್ನು ಮಾರಿದವನು ನಡುರಾತ್ರಿ ಬಂದ,
ಮುಂದಿನ ಆಕ್ಸಲ್ ಮುರಿದಿತ್ತು, ಹೆಂಡತಿಗೆ ಹೆರಿಗೆ ನೋವು.
ಗುಜರಿಯಿಂದ ಒಂದು ಎಳೆದು ತಂದೆ.
ತೂತಿಗೆ ತೂತು ಕೂಡಿತು. ಜಾತಕ ನೋಡಲಿಲ್ಲ.

ಮಗು?
ಉಳಿಯಿತಂತೆ. ಈಗ ಲಾರಿ ಓಡಿಸುತ್ತಾನೆ.

ಮುಂದಿನ ಶಾಫ್ಟು ಕಳಚಿ, ಗೋಣಿಯಲ್ಲಿ ಸುತ್ತಿ,
ಲಸಿಕೆ ಪೆಟ್ಟಿಗೆಯ ಪಕ್ಕ ಮಲಗಿಸಿದ:
ನಲವತ್ತೊಂದರದು ಸಿಗುವ ತನಕ ಆ ಲಿವರು ಮುಟ್ಟಬೇಡ.
ದುಡ್ಡು ಕೊಡಹೋದರೆ
ಪೆಟ್ರೋಲಿನಲ್ಲಿ ಕೈ ತೊಳೆಯುತ್ತಲೇ ಇದ್ದ, ತೊಳೆದ ಕೈಯನ್ನೇ.

ಹೊರಟೆ. ಟೈರಿನ ಗೆರೆ ಅಳಿಸಿರಲಿಲ್ಲ.
ಕನ್ನಡಿಯಲ್ಲಿ, ಶೆಡ್ಡಿನ ಬಾಗಿಲಲ್ಲಿ, ಯಂಜ್ಮಾ
ಒಂದೊಂದೇ ಬೆರಳು ಮಡಚುತ್ತಿದ್ದಳು.